ಕಾಂಗರೂ ಮರಿಯೂ ಕರಿಯನ ಲಾಡಿಹುಳವೂ

ಹೋದ ವಾರ ಶಿರಸಿ ಮನೆಯ ಜಗಲಿಯಲ್ಲಿ ನಮ್ಮ ನಾಯಿ ಕರಿಯ ಮಲಗುವ ಗೋಣಿ ಕೊಡವುತ್ತಿದ್ದೆ. ಅಕ್ಕಿಕಾಳಿನಂಥದ್ದು ನಾಲ್ಕೈದು ಅಂಟಿಕೊಂಡಿತ್ತು. ಒಣಗಿದ ಅನ್ನ ಅಂದುಕೊಂಡೆ. ಆಮೇಲೆ ನೋಡಿದರೆ ಅವನ ಬಾಲದ ಬುಡದಲ್ಲೂ ಒಂದಿದೆ, ಇನ್ನೂ ಹಸಿ, ಸೌತೆಬೀಜದ ಹಾಗೆ ಬೆಳ್ಳಗೆ, ನಾನು ನೋಡ್ತಿದ್ದ ಹಾಗೇ ಮೆಲ್ಲಗೆ ಉದ್ದವಾಗಿ ಮತ್ತೆ ಗಿಡ್ಡವಾಯಿತು! ದನದ ಡಾಕ್ಟರಿಗೆ ಫೋಟೊ ಕಳಿಸಿದೆ. ನಾಯಿಯ ಕರುಳಿನೊಳಗೆ ಕಚ್ಚಿಕೊಂಡಿರುವ ಲಾಡಿಹುಳದ ತುಂಡು ಅಂದರು.

ಪಕ್ಕದಲ್ಲಿದ್ದ ಅಕ್ಕನ ಮಗಳು ಕೇಳಿದಳು, "ಚಿಕ್ಕಮ್ಮ, ಕಾಂಗರೂ ಮರಿನೂ ಅದರ ಆಯಿಗೆ ಕಚ್ಚಿಕೊಂಡೇ ಇರ್ತದಲ್ವಾ? ಅದೂ ಹುಳದ ಹಾಗೇ ಆಯ್ತಲ್ಲ?"

ಒಳ್ಳೇ ಪ್ರಶ್ನೆ. ಕೆಂಪು ಕಾಂಗರೂ ಮರಿ ಸುಮಾರು 33 ದಿನಕ್ಕೇ ಹುಟ್ಟುತ್ತದೆ. ಒಂದು ಗ್ರಾಂ ಕೂಡ ತೂಗುವುದಿಲ್ಲ, ಕಣ್ಣು ಬಿಟ್ಟಿರುವುದಿಲ್ಲ, ಹಿಂಗಾಲು ಬರೀ ಮೊಳಕೆ. ಮುಂಗಾಲಿನಲ್ಲೇ ತಾಯಿಯ ಕೂದಲು ಹಿಡಿದು ಹತ್ತಿ, ಹೊಟ್ಟೆಚೀಲ ಸೇರಿ, ಮೊಲೆ ಬಾಯಿಗಿಟ್ಟುಕೊಂಡರೆ ತೊಟ್ಟು ಬಾಯೊಳಗೇ ಉಬ್ಬಿ ಬಿಗಿಯಾಗುತ್ತದೆ, ವಾರಗಟ್ಟಲೆ ಬಿಡಿಸಿಕೊಳ್ಳುವ ಮಾತೇ ಇಲ್ಲ.

ಲಾಡಿಹುಳಕ್ಕೆ ಬಾಯಿಯೇ ಇಲ್ಲ, ಕರುಳೂ ಇಲ್ಲ. ತಲೆಯಲ್ಲಿರುವ ಕೊಕ್ಕೆ, ಹೀರುಬಟ್ಟಲು ಬರೀ ಹಿಡಿದುಕೊಳ್ಳಲಿಕ್ಕೆ. ನಾಯಿ ಅರಗಿಸಿಕೊಂಡಿದ್ದನ್ನು ತನ್ನ ಮೈಚರ್ಮದಿಂದಲೇ ಹೀರುತ್ತದೆ, ಕುತ್ತಿಗೆಯ ಹತ್ತಿರ ಹೊಸ ತುಂಡು ಹುಟ್ಟಿಸುತ್ತದೆ, ಬಲಿತ ತುಂಡು ಮೊಟ್ಟೆ ತುಂಬಿಕೊಂಡು ಹಿಂದಿನಿಂದ ಕಳಚಿ ಬೀಳುತ್ತದೆ.

ನನಗೆ ಮುಖ್ಯ ಅನಿಸಿದ್ದು ಹಾಲಿನ ವಿಷಯ. ಮರಿ ಬೆಳೆದ ಹಾಗೆ ತಾಯಿಯ ಹಾಲೂ ಬದಲಾಗುತ್ತದೆ. ಚೀಲದಿಂದ ಹೊರಬಿದ್ದ ದೊಡ್ಡ ಮರಿ ಇನ್ನೂ ತಲೆ ಒಳಗೆ ತೂರಿಸಿ ಕುಡಿಯುತ್ತಿರುವಾಗ ಒಳಗೆ ಪುಟ್ಟದೊಂದು ಹುಟ್ಟಿ ಬಂದಿದ್ದರೆ, ಎರಡಕ್ಕೂ ಬೇರೆ ಬೇರೆ ಮೊಲೆ, ಬೇರೆ ಬೇರೆ ಹಾಲು. ದೊಡ್ಡದಕ್ಕೆ ಕೊಬ್ಬು ಜಾಸ್ತಿ, ಸಣ್ಣದಕ್ಕೆ ತೆಳು. ಒಂದೇ ಮೈ, ಒಂದೇ ಹೊತ್ತಿಗೆ! ಕರಿಯನ ಮೈ ಹುಳಕ್ಕಾಗಿ ಇಂಥದ್ದೇನೂ ಮಾಡುತ್ತಿಲ್ಲ, ಅವನ ಊಟದಲ್ಲಿ ಅದು ತೆಗೆದುಕೊಳ್ಳುತ್ತಿದೆ ಅಷ್ಟೇ. ಹುಡುಗಿಗೆ ಇದನ್ನೇ ಹೇಳಿದೆ.

ದೋಸೆ ತುಂಡಿನಲ್ಲಿ ಮಾತ್ರೆ ಇಟ್ಟು ನುಂಗಿಸಿಯಾಯಿತು. ಆದರೆ ಈ ಜಾತಿಯ ಹುಳ ಬರುವುದು ಚಿಗಟದಿಂದ, ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟ ನುಂಗುತ್ತದೆ. ಮಕ್ಕಳ ಬಾಯಿಗೆ ಚಿಗಟ ಹೋದರೆ ಅವರಿಗೂ ಬರಬಹುದು. ಹುಡುಗಿ ಇಡೀ ದಿನ ಅವನನ್ನು ತಬ್ಬಿಕೊಂಡೇ ಇರ್ತಾಳೆ, ಅದಕ್ಕೇ ಗೋಣಿ ಸುಟ್ಟೆ, ಜಗಲಿ ತೊಳೆದೆ, ಕರಿಯನಿಗೆ ಚಿಗಟದ ಔಷಧಿ ಹಚ್ಚಿದೆ.