ಟಿವಿಯಲ್ಲಿ ಓಕುಳಿ

ನಿನ್ನೆ ರಾತ್ರಿ ಒಂದೂವರೆ ತನಕ ಸ್ಪ್ಲಟೂನ್ 3 ಅನ್ನೋ ವಿಡಿಯೋ ಗೇಮ್ ಆಡಿದೆ. ಅದನ್ನು ಆಡಿಸುವ ಯಂತ್ರ ನಿಂಟೆಂಡೊ ಸ್ವಿಚ್ ನನ್ನದಲ್ಲ, ಬೆಂಗಳೂರಿನಿಂದ ರಜೆಗೆ ಬಂದಿರುವ ಸೋದರಮಾವನ ಮಗನದು. ಆಟ 2022ರದ್ದು, ನನ್ನ ಕೈಗೆ ಸಿಕ್ಕಿದ್ದು ಈಗ.

ಗನ್ ಇದೆ, ಗುಂಡಿಲ್ಲ. ಬರುವುದೆಲ್ಲ ಬಣ್ಣ. ನಾಲ್ವರ ಎದುರು ನಾಲ್ವರು, 3 ನಿಮಿಷ. ಟರ್ಫ್ ವಾರ್ ಅನ್ನೋ ಈ ಪಂದ್ಯದಲ್ಲಿ ಎಷ್ಟು ಜನರನ್ನು ಹೊಡೆದಿರಿ ಅನ್ನೋದು ಲೆಕ್ಕಕ್ಕೇ ಇಲ್ಲ, ನೆಲದ ಮೇಲೆ ಯಾರ ಬಣ್ಣ ಜಾಸ್ತಿಯೋ ಅವರು ಗೆದ್ದರು. ನಮ್ಮ ಬಣ್ಣದಲ್ಲಿ ಸ್ಕ್ವಿಡ್ (ಸಮುದ್ರದ ಒಂದು ಜೀವಿ) ಆಗಿ ಮುಳುಗಿದರೆ ಸರ್ರನೆ ಈಜಬಹುದು, ಬಣ್ಣದ ಖಾಲಿ ಟ್ಯಾಂಕೂ ತುಂಬುತ್ತದೆ. ಕೊನೆಗೆ ತೀರ್ಪು ಕೊಡುವುದು ಒಂದು ಡುಮ್ಮ ಬೆಕ್ಕು!

ನಾನೋ, ಮೊದಲ ಹತ್ತು ಆಟ ಸುಮ್ನೆ ಎದುರಾಳಿಗಳ ಬೆನ್ನು ಹತ್ತಿದೆ. ಹತ್ತರಲ್ಲಿ ಎಂಟು ಸೋಲು. ಆಮೇಲೆ ಗನ್ ಬಿಟ್ಟು ರೋಲರ್ ಹಿಡಿದು, ಯಾರೂ ಬಾರದ ಮೂಲೆಗಳಿಗೆ ಬಣ್ಣ ಬಳಿಯುತ್ತ ನಿಂತೆ. ಗೆಲ್ಲತೊಡಗಿದೆವು. ಪೇಂಟರ್ ಕೆಲಸವೇ, ಆದರೂ ಖುಷಿ.

ನೀರು ಕುಡಿಯಲು ಎದ್ದ ಅವ್ವ ಟಿವಿ ನೋಡಿ, "ಇದೇನೋ, ನಮ್ಮ ಬಾಗಲಕೋಟಿ ಹೋಳಿ ಟಿವ್ಯಾಗ ಬಂದೈತಿ?" ಅಂದಳು. ಹೌದಲ್ವಾ! ಬ್ಯಾರೆಲ್ ತುಂಬಿದ ಬಂಡಿಗಳು, ಓಣಿಗೊಂದು ತಂಡ, ಹಲಗಿ ಸದ್ದು. ಆದರೆ ಅಲ್ಲಿ ಗೆದ್ದವರು ಯಾರು ಅಂತ ಯಾರೂ ಕೇಳಲ್ಲ. ಎಲ್ಲರೂ ಒಂದೇ ಬಣ್ಣಕ್ಕೆ ಬಂದಿರುತ್ತಾರೆ.

ನಾಳೆ ಸ್ವಿಚ್ ಬೆಂಗಳೂರಿಗೆ ವಾಪಸ್. ಅವ್ವ ಒಂದು ಆಟ ಆಡ್ತೀನಿ ಅಂದಿದ್ದಾಳೆ.