‘ನೋ ಗ್ರೋತ್’ ಅಂತ ನಾನು ಕಳಿಸಿದ ರಿಪೋರ್ಟು

ಭಾನುವಾರ ರಾತ್ರಿ ಎಂಟರ ಹೊತ್ತಿಗೆ ವಾರ್ಡಿನಿಂದ ಬಂದ ಸ್ವ್ಯಾಬಿನ (ಕೀವು ಅದ್ದಿದ ಹತ್ತಿಕಡ್ಡಿಯ) ಮುಚ್ಚಳ ತೆಗೆದಾಗ ಮೂಗಿಗೆ ಬಡಿದ ನಾತ ಇವತ್ತಿಗೂ ನೆನಪಿದೆ. ಹುಳುಕು ಹಲ್ಲು, ಸತ್ತ ಇಲಿ ಎರಡೂ ಸೇರಿದಂಥ ನಾತ. ಕೋಲಾರದ ಈ ಆಸ್ಪತ್ರೆಯ ಮೈಕ್ರೋ ಬೆಂಚಿನಲ್ಲಿ, ಅಂದರೆ ಸೋಂಕಿನ ಬ್ಯಾಕ್ಟೀರಿಯಾ ಪತ್ತೆ ಮಾಡುವ ಮೇಜಿನಲ್ಲಿ, 11 ವರ್ಷ ಕೂತಿದ್ದೇನೆ. ಆ ನಾತ ಏನು ಹೇಳುತ್ತದೆ ಅಂತ ನನಗೆ ಗೊತ್ತು. ಆಮ್ಲಜನಕ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾ ಹೊರಬಿಡುವ ಆಮ್ಲಗಳ ವಾಸನೆ ಅದು.

ಒಂದೇ ಸ್ವ್ಯಾಬ್ ಕಳಿಸಿದ್ದರು. ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಅಗಾರ್ ಪ್ಲೇಟು ಮುಗಿದಿತ್ತು, ಹೊಸ ಬ್ಯಾಚ್ ಸುರಿಯುವುದು ಸೋಮವಾರ ಬೆಳಿಗ್ಗೆ. ಇಡೀ ಲ್ಯಾಬಿಗೆ ನಾನೊಬ್ಬಳೇ. ಸುಟ್ಟು ತಣಿಸಿದ ಸ್ಲೈಡಿನ ಮೇಲೆ ಕೀವಿನ ತೆಳು ಸ್ಮಿಯರ್ ಎಳೆದು, ಗ್ರಾಂ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಆಯಿಲ್ ಇಮ್ಮರ್ಷನ್ನಲ್ಲಿ ನೋಡಿದೆ. ಪಸ್ ಸೆಲ್ ತುಂಬಾ ಇದ್ದವು. ಅವುಗಳ ನಡುವೆ ಸಣ್ಣ ಸಣ್ಣ ಗ್ರಾಂ ಪಾಸಿಟಿವ್ ಕಾಕೈ (ದುಂಡನೆಯ ಬ್ಯಾಕ್ಟೀರಿಯಾ) ಸರಗಳು, ಎರಡೂ ತುದಿ ಚೂಪಾದ ತೆಳ್ಳಗಿನ ಗ್ರಾಂ ನೆಗೆಟಿವ್ ಬ್ಯಾಸಿಲೈ (ಕಡ್ಡಿಯಾಕಾರದವು). ರಿಜಿಸ್ಟರಿನಲ್ಲಿ ‘ಮಿಕ್ಸೆಡ್ ಫ್ಲೋರಾ’, ಬೆರೆತ ಬ್ಯಾಕ್ಟೀರಿಯಾ, ಅಂತ ಬರೆದೆ. ಬಾಯಿಯ ಎಂಜಲು ತಾಗಿರಬೇಕು ಅಂದುಕೊಂಡೆ. ಸ್ವ್ಯಾಬನ್ನು ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋದೆ.

ರಿಕ್ವೆಸ್ಟ್ ಫಾರಂ ಪೂರ್ತಿ ಓದಿರಲಿಲ್ಲ. ‘ಪಸ್ ಸಿ/ಎಸ್’, ಅಂದರೆ ಕೀವಿನ ಕಲ್ಚರ್ ಮತ್ತು ಔಷಧಿ ಪರೀಕ್ಷೆ, ಅನ್ನೋದಷ್ಟೇ ಕಣ್ಣಿಗೆ ಬಿದ್ದಿತ್ತು. ಕೆಳಗಿನ ಸಾಲಿನಲ್ಲಿ ಡ್ಯೂಟಿ ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರು: ದವಡೆಯ ಕೆಳಗಿನ ಬಾವು, ಹೊರಗಿನ ಚರ್ಮ ಕೊಯ್ದು ತೆಗೆದ ಕೀವು, ಸಕ್ಕರೆ ಕಾಯಿಲೆ, ಮೂರು ದಿನ ಬೇರೆ ಕಡೆ ಸೆಫ್ಟ್ರಿಯಾಕ್ಸೋನ್ ಮತ್ತು ಅಮಿಕಾಸಿನ್ ಆಂಟಿಬಯಾಟಿಕ್ ಇಂಜೆಕ್ಷನ್ ಆಗಿದೆ. ಹೊರಗಿನಿಂದ ಕೊಯ್ದ ಕೀವಿಗೆ ಎಂಜಲು ಎಲ್ಲಿಂದ ಬರಬೇಕು?

ರೋಗಿ ಶ್ರೀನಿವಾಸಪುರದ ಕಡೆಯ ಟೊಮ್ಯಾಟೊ ಬೆಳೆಗಾರ, ಐವತ್ತು ದಾಟಿದವರು. ಕೆಳದವಡೆಯ ಹಿಂದಿನ ಹಲ್ಲು ನೋಯುತ್ತಿದ್ದರೂ, ಸುಗ್ಗಿ ಸಮಯ, ದಿನಾ ಮಂಡಿಗೆ 15 ಕೆ.ಜಿ. ಬಾಕ್ಸ್‌ಗಳನ್ನು ಏರಿಸಬೇಕು ಅಂತ ಲವಂಗ ಒತ್ತಿಕೊಂಡು ಎರಡು ವಾರ ತಳ್ಳಿದ್ದರಂತೆ. ಆ ಹಲ್ಲುಗಳ ಬೇರು ದವಡೆಯಲ್ಲಿ ತುಂಬಾ ಕೆಳಕ್ಕೆ ಇಳಿದಿರುತ್ತದೆ. ಅಲ್ಲಿ ಕೀವಾದರೆ ಬಾಯಿಯೊಳಕ್ಕೆ ಒಡೆಯುವ ಬದಲು ಕತ್ತಿನ ಕಡೆಗೆ ಇಳಿಯುತ್ತದೆ. ಹಲ್ಲು ಮತ್ತು ಒಸಡಿನ ಸಂದಿಯಲ್ಲಿ ಗಾಳಿಯಾಡುವುದಿಲ್ಲ, ಅದಕ್ಕೇ ಅನಿರೋಬ್‌ಗಳು, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ, ಅಲ್ಲಿ ಸದಾ ಮನೆ ಮಾಡಿಕೊಂಡಿರುತ್ತವೆ. ಸುಮ್ಮನಿದ್ದಷ್ಟು ದಿನ ತೊಂದರೆ ಇಲ್ಲ. ಬೇರಿನ ತುದಿ ದಾಟಿ ಮಾಂಸಕ್ಕೆ ಇಳಿದರೆ ಮಾತು ಬೇರೆ.

ಸೋಮವಾರ ಬೆಳಿಗ್ಗೆ ಬ್ಲಡ್ ಅಗಾರ್, ಮೆಕಾಂಕಿ ಎರಡೂ ಪ್ಲೇಟುಗಳಲ್ಲಿ ಕೀವಿನ ಗೆರೆ ಎಳೆದು, ಎಂದಿನಂತೆ ಗಾಳಿಯಲ್ಲೇ ಬೆಳೆಯಲಿಟ್ಟೆ. ಮಂಗಳವಾರ ಏನೂ ಇಲ್ಲ. ಬುಧವಾರವೂ ಪ್ಲೇಟು ನೀಟಾಗಿತ್ತು. ಸಾಫ್ಟ್‌ವೇರಿನಲ್ಲಿ ಪಟ್ಟಿ ಇಳಿಸಿದರೆ ಮೊದಲು ಸಿಗುವುದೇ ‘48 ಗಂಟೆ ನಂತರ ನೋ ಗ್ರೋತ್’. ಒತ್ತಿದೆ. ಗ್ರಾಂ ಫೈಂಡಿಂಗ್ ಬರೆಯುವುದಕ್ಕೆ ಬೇರೆ ಸ್ಕ್ರೀನಿಗೆ ಹೋಗಬೇಕು, ಅಲ್ಲೊಂದು ಟಿಕ್ ಹಾಕದಿದ್ದರೆ ಅದು ಪ್ರಿಂಟೇ ಆಗುವುದಿಲ್ಲ. ಈ ದರಿದ್ರ ವ್ಯವಸ್ಥೆ ಬದಲಾಯಿಸಿ ಅಂತ ಎರಡು ಸಲ ಕೇಳಿದ್ದೇವೆ. ಆದರೆ ಆ ಟಿಕ್ ಹಾಕದವಳು ನಾನು.

ಗುರುವಾರ ಸಂಜೆ ಆರೂವರೆಗೆ ಇ.ಎನ್.ಟಿ. ಸರ್ ಫೋನ್ ಮಾಡಿದರು. ಹಿಂದೆ ಯಾರೋ ಟ್ರಾಲಿ ತಳ್ಳುವ ಸದ್ದು.

“ಏನಮ್ಮ, ಆ ಕತ್ತಿನ ಪಸ್ಸು. ನೀವು ನೋ ಗ್ರೋತ್ ಕೊಟ್ಟಿದ್ದೀರ. ಪೇಷಂಟಿಗೆ ಮೆಟ್ರೋ ಹಾಕಿದಾಗಿಂದ ವಾಂತಿ ಇತ್ತು, ಟಿಬಿ ಇರಬಹುದು ಅಂತ ನಿನ್ನೆ ಮೆಟ್ರೋ ನಿಲ್ಲಿಸಿ ಸಿಬಿನ್ಯಾಟ್‌ಗೆ ಕಳಿಸಿದ್ವಿ. ಈಗ ನಾಲಿಗೆ ಮೇಲಕ್ಕೆದ್ದಿದೆ, ಎಂಜಲು ನುಂಗೋಕಾಗ್ತಿಲ್ಲ. ಓ.ಟಿ.ಗೆ ತಗೊಳ್ತಿದ್ದೀವಿ. ಗ್ರಾಂನಲ್ಲಿ ಏನಿತ್ತು?”

ಮೆಟ್ರೋ ಅಂದರೆ ಮೆಟ್ರೋನಿಡಜೋಲ್, ಅನಿರೋಬ್‌ಗಳನ್ನು ಕೊಲ್ಲುವ ಔಷಧಿ. ಸಿಬಿನ್ಯಾಟ್ ಟಿಬಿ ಪತ್ತೆಯ ಪರೀಕ್ಷೆ. “ಒಂದ್ ನಿಮಿಷ ಸರ್” ಅಂದೆ. ಸ್ಲೈಡ್ ಬಾಕ್ಸ್ ಎಳೆದೆ. ಭಾನುವಾರದ ಸಾಲಿನಲ್ಲಿ ಇರಲಿಲ್ಲ, ಸೋಮವಾರದ ಸ್ಪುಟಂ (ಕಫ) ಸ್ಲೈಡುಗಳ ಮಧ್ಯೆ ಸೇರಿಕೊಂಡಿತ್ತು. ಕೈ ನಡುಗಿ ಎಣ್ಣೆ ಎರಡು ಹನಿ ಜಾಸ್ತಿ ಬಿತ್ತು. ಫೋಕಸ್ ಸಿಕ್ಕಿತು. ಅದೇ ಕಾಕೈ, ಅದೇ ಚೂಪು ತುದಿಯ ಕಡ್ಡಿಗಳು. ಫೀಲ್ಡ್ ಬದಲಾಯಿಸುತ್ತಾ ಹೋದೆ. ಎಂಜಲಿನ ಜೊತೆ ಬರುವ ಬಾಯಿಯ ಪದರದ ಕೋಶ ಒಂದಾದರೂ ಸಿಗಲಿ ಅಂತ ಹುಡುಕುತ್ತಿದ್ದೆ. ಸಿಕ್ಕರೆ ಎಂಜಲು ಅನ್ನಬಹುದಿತ್ತು. ಒಂದೂ ಸಿಗಲಿಲ್ಲ. ಮೇಜಿನ ಮೇಲೆ ಫೋನು ಹಾಗೇ ಆನ್ ಇತ್ತು, ಸರ್ ಉಸಿರಾಡುವುದು ಕೇಳಿಸುತ್ತಿತ್ತು.

ಕಂಡದ್ದನ್ನೆಲ್ಲ ಹೇಳಿದೆ. ನಾತ ಇತ್ತು ಅನ್ನೋದನ್ನೂ ಹೇಳಿದೆ.

“ಇದು ಭಾನುವಾರನೇ ಗೊತ್ತಿತ್ತಾ?”

“ಗೊತ್ತಿತ್ತು ಸರ್.”

ಅವರು ಬೈಯಲಿಲ್ಲ. “ಮೆಟ್ರೋ ಈಗಲೇ ಶುರು ಮಾಡ್ತೀನಿ. ಪಸ್ ತೆಗೀವಾಗ ನೀನೇ ಬಂದು ಬಾಗಿಲಲ್ಲಿ ನಿಂತ್ಕೋ” ಅಂದರು.

ಓ.ಟಿ. ಬಾಗಿಲ ಹೊರಗೆ ಕಾಯುವಾಗ ಲೆಕ್ಕ ತಾನಾಗಿಯೇ ಕೂಡುತ್ತಾ ಹೋಯಿತು. ಮೂರು ದಿನದ ಇಂಜೆಕ್ಷನ್ ಬಾಯಿಯ ಸಾಮಾನ್ಯ ಸ್ಟ್ರೆಪ್ಟೊಕಾಕಸ್‌ಗಳನ್ನು ತೆಗೆದುಹಾಕಿರಬೇಕು. ಅಮಿಕಾಸಿನ್ ಬ್ಯಾಕ್ಟೀರಿಯಾದ ಒಳಗೆ ಹೋಗುವುದಕ್ಕೇ ಆಮ್ಲಜನಕದ ಉಸಿರಾಟ ಬೇಕು, ಅದಿಲ್ಲದ ಜೀವಿಗೆ ಅದು ನೀರಿದ್ದ ಹಾಗೆ. ಉಳಿದದ್ದು ಅನಿರೋಬ್. ಆ ಉಳಿದದ್ದನ್ನು ನಾನು ಗಾಳಿಯಾಡುವ ಹತ್ತಿಯಲ್ಲಿ, ಆಮ್ಲಜನಕ ಇನ್ನೂ ಹೆಚ್ಚು ಕರಗುವ ಫ್ರಿಜ್ಜಿನ ತಂಪಿನಲ್ಲಿ ರಾತ್ರಿಯಿಡೀ ಇಟ್ಟೆ. ಆಮೇಲೆ ಅದು ಬೆಳೆಯುವುದೇ ಸಾಧ್ಯವಿಲ್ಲದ ಕಡೆ ಹಾಕಿ, ಬೆಳೆಯಲಿಲ್ಲ ಅಂತ ಬರೆದುಕೊಟ್ಟೆ. ಬಾವು ಪೂರ್ತಿ ಖಾಲಿಯಾಗಿರಲಿಲ್ಲ, ಚಾಕು ಹೇಗೂ ಮತ್ತೆ ಬೇಕಾಗುತ್ತಿತ್ತು ಅಂತ ಸರ್ ಆಮೇಲೆ ಹೇಳಿದರು. ಆದರೆ ಔಷಧಿ ನಿಂತದ್ದು ನನ್ನ ಹಾಳೆ ನೋಡಿ.

ಏಳೂವರೆಗೆ ಅನಸ್ತೇಸಿಯಾ ಟೆಕ್ನಿಷಿಯನ್ ಹುಡುಗ ಟ್ರೇ ಹಿಡಿದು ಬಂದ. ಸ್ವ್ಯಾಬ್ ಅಲ್ಲ, ಸಿರಿಂಜಿನಲ್ಲೇ ಎಳೆದ 3 ಎಂ.ಎಲ್. ಕೀವು. ಗಾಳಿ ಹೊರಗೆ ತಳ್ಳಿ, ಸೂಜಿ ತೆಗೆದು, ಮುಚ್ಚಳ ಹಾಕಿದ್ದರು. ಅದನ್ನು ಹಿಡಿದುಕೊಂಡು ಮೆಟ್ಟಿಲಿಳಿದೆ, ಲಿಫ್ಟಿಗೆ ಕಾಯಲಿಲ್ಲ. ಆರ್.ಸಿ.ಎಂ. (ಅನಿರೋಬ್ ಬೆಳೆಸುವ ಬೇಯಿಸಿದ ಮಾಂಸದ ಮಾಧ್ಯಮ) ಬಾಟಲಿ ಮೊದಲೇ ಕುದಿಯುವ ನೀರಿನಲ್ಲಿಟ್ಟು ಗಾಳಿ ಓಡಿಸಿ ತಣಿಸಿದ್ದೆ. ಕೀವನ್ನು ಅದರ ಮಾಂಸದ ತುಣುಕುಗಳ ತಳಕ್ಕೆ ಹಾಕಿದೆ. ಹೊಸ ಬ್ಲಡ್ ಅಗಾರ್ ಮೇಲೆ ಗೆರೆ ಎಳೆದು 5 ಮೈಕ್ರೋಗ್ರಾಂ ಮೆಟ್ರೋನಿಡಜೋಲ್ ಡಿಸ್ಕ್ ಇಟ್ಟೆ.

ಗಾಳಿಯಾಡದ ಜಾರ್ ಇತ್ತು, ಅದರೊಳಗಿನ ಆಮ್ಲಜನಕ ತೆಗೆಯುವ ಗ್ಯಾಸ್ ಪ್ಯಾಕ್ ಇರಲಿಲ್ಲ. ಅದರ ಬೇಡಿಕೆ ಪತ್ರ, ಇಂಡೆಂಟು, ಮೂರು ಸಲ ವಾಪಸ್ ಬಂದಿದೆ, ‘ಈ ಟೆಸ್ಟಿಗೆ ಬಿಲ್ಲಿಂಗ್ ಇಲ್ಲ’ ಅಂತ. ತಿಂಗಳಿಗೊಂದು ಪ್ಯಾಕೆಟ್ ತೆರೆಯುವ ಖರ್ಚು ಆಡಳಿತದವರಿಗೆ ಕಾಣಿಸುತ್ತದೆ, ವಾರ್ಡಿನಲ್ಲಿ ಸುರಿಯುವ ಆಂಟಿಬಯಾಟಿಕ್ಕಿನ ಖರ್ಚು ಕಾಣಿಸುವುದಿಲ್ಲ. “ಅಕ್ಕ, ಕ್ಯಾಂಡಲ್ ಜಾರ್ ಆಗಲ್ವಾ?” ಅಂದಳು ಟ್ರೈನಿ ಹುಡುಗಿ. ಆಗಲ್ಲ. ಮೇಣದ ಬತ್ತಿ ಆರಿದ ಮೇಲೂ ಜಾರಿನಲ್ಲಿ ಆಮ್ಲಜನಕ ಬೇಕಾದಷ್ಟು ಉಳಿದಿರುತ್ತದೆ. ಊರಲ್ಲೇ ಇನ್ನೊಂದು ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿ ಸ್ಕೂಟಿಯಲ್ಲಿ ಎರಡು ಪ್ಯಾಕೆಟ್ ತಂದುಕೊಟ್ಟಳು. ರಬ್ಬರ್ ರಿಂಗಿಗೆ ಗ್ರೀಸ್ ಸವರಿ ಮುಚ್ಚಿದೆ. ಆಮ್ಲಜನಕ ಹೋದದ್ದು ತೋರಿಸುವ ಇಂಡಿಕೇಟರಿನ ನೀಲಿ ಬಣ್ಣ ಹೋಗುವವರೆಗೆ ಕೂತೇ ಇದ್ದೆ.

48 ಗಂಟೆ ಜಾರ್ ಮುಟ್ಟಲಿಲ್ಲ. ಶನಿವಾರ ರಾತ್ರಿ ತೆರೆದಾಗ ಅದೇ ನಾತ. ಪ್ಲೇಟಿನ ಮೇಲೆ ಸೂಜಿ ಮೊನೆಯಂಥ ಕಾಲೊನಿಗಳು, ಡಿಸ್ಕಿನ ಸುತ್ತ ಅಗಲವಾಗಿ ಖಾಲಿ ಜಾಗ, ಔಷಧಿ ಕೆಲಸ ಮಾಡುತ್ತದೆ ಅನ್ನುವ ಗುರುತು. ಗಾಳಿಯಲ್ಲಿಟ್ಟ ಜೋಡಿ ಪ್ಲೇಟಿನಲ್ಲಿ ಏನೂ ಇಲ್ಲ. ಸ್ಪೀಷೀಸ್ ಮಟ್ಟಕ್ಕೆ ಹೋಗುವ ಸೌಕರ್ಯ ನಮ್ಮಲ್ಲಿಲ್ಲ, ಗ್ರಾಂ ನೆಗೆಟಿವ್ ಅನಿರೋಬ್ ಮತ್ತು ಅನಿರೋಬಿಕ್ ಕಾಕೈ ಅಂತ ಕೊಟ್ಟೆವು. ಅಷ್ಟು ಹೊತ್ತಿಗೆ ರೋಗಿ ಗಂಜಿ ಕುಡಿಯುತ್ತಿದ್ದರು. ಹುಳುಕು ಹಲ್ಲನ್ನು ಓ.ಟಿ.ಯಲ್ಲೇ ಕಿತ್ತಿದ್ದರು. ಉಸಿರಿಗಾಗಿ ಕುತ್ತಿಗೆಗೆ ಟ್ಯೂಬ್ ಹಾಕುವ ಪ್ರಮೇಯ ಬರಲಿಲ್ಲ. ಸಿಬಿನ್ಯಾಟ್ ನೆಗೆಟಿವ್ ಬಂತು.

ಈಗ ನನ್ನ ಬೆಂಚಿನಲ್ಲಿ ಗ್ರಾಂನಲ್ಲಿ ಕಂಡದ್ದು ಪ್ಲೇಟಿನಲ್ಲಿ ಬೆಳೆಯದಿದ್ದರೆ ರಿಪೋರ್ಟು ಹೋಗುವುದಿಲ್ಲ, ಮೊದಲು ಫೋನು ಹೋಗುತ್ತದೆ. ಆಳದ ಕೀವಿಗೆ ಸ್ವ್ಯಾಬ್ ಬಂದರೆ ಸಿರಿಂಜಿನಲ್ಲಿ ಕಳಿಸಿ ಅಂತ ವಾರ್ಡಿಗೆ ಹೇಳುತ್ತೇನೆ. ಸಿಸ್ಟರ್‌ಗಳು ಗೊಣಗುತ್ತಾರೆ, ಗೊಣಗಲಿ. ಇಂಡೆಂಟು ನಾಲ್ಕನೇ ಸಲ ಹೋಗಿದೆ.

ಡಿಸ್ಚಾರ್ಜ್ ದಿನ ಅವರ ಮಗ ಫೈಲು ಹಿಡಿದುಕೊಂಡು ಲ್ಯಾಬಿನ ಕಿಟಕಿಗೆ ಬಂದ. ಹಳೆಯ ರಿಪೋರ್ಟನ್ನು ನಮ್ಮ ಸಾಫ್ಟ್‌ವೇರ್ ಅಳಿಸುವುದಿಲ್ಲ, ಎರಡೂ ಪ್ರಿಂಟ್ ಆಗಿದ್ದವು.

“ಅಕ್ಕಾ, ಒಂದರಲ್ಲಿ ಏನೂ ಇಲ್ಲ ಅಂತಿದೆ, ಇನ್ನೊಂದರಲ್ಲಿ ಇದೆ ಅಂತಿದೆ. ಯಾವುದು ಸರಿ?”

“ಎರಡನೇದಪ್ಪ” ಅಂದೆ.

ಅವನು ಎರಡೂ ಹಾಳೆಯ ಕೆಳಗೆ ಬೆರಳಿಟ್ಟು ನೋಡಿದ. “ಎರಡರಲ್ಲೂ ನಿಮ್ಮ ಹೆಸರೇ ಇದೆಯಲ್ಲಕ್ಕ?”

“ಹೌದು, ಎರಡೂ ನಾನೇ ಮಾಡಿದ್ದು. ಮೊದಲನೇದು ತಪ್ಪು ಮಾಡಿದೆ” ಅಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಎರಡೂ ಹಾಳೆ ಮಡಿಸಿ ಫೈಲಿಗೆ ಹಾಕಿಕೊಂಡು ಹೋದ.