ಎಂಬತ್ತು ಸೆಕೆಂಡು

ಮಗಳು ಸಿಇಟಿಗೆ ಓದುತ್ತಿದ್ದಾಳೆ. ಇಂದು ಸಂಜೆ ಅವಳೊಂದಿಗೆ ಕುಳಿತು ಭೌತಶಾಸ್ತ್ರದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನೋಡಿದೆ. 80 ನಿಮಿಷಗಳಲ್ಲಿ 60 ಪ್ರಶ್ನೆಗಳು, ಅಂದರೆ ಪ್ರಶ್ನೆಯನ್ನು ಓದಿ, ಲೆಕ್ಕ ಮಾಡಿ, ಒಎಂಆರ್ ಹಾಳೆಯ ಪುಟ್ಟ ವೃತ್ತವನ್ನು ಅಂಚು ಮೀರದಂತೆ ಪೆನ್ನಿನಿಂದ ತುಂಬಲು ದೊರೆಯುವುದು 80 ಸೆಕೆಂಡು ಮಾತ್ರ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದೆಂದು ಅವಳೇ ನನಗೆ ವಿವರಿಸಿದಳು. ನೀಟ್‌ನಲ್ಲಾದರೆ ಆ ಧೈರ್ಯ ಮಾಡುವಂತಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕಗಳನ್ನೂ ಸಿಇಟಿಯ ಅಂಕಗಳನ್ನೂ ಸಮಪಾಲಿನಲ್ಲಿ ಪರಿಗಣಿಸುವುದು ನ್ಯಾಯವೆಂದೇ ನನ್ನ ಭಾವನೆ, ಏಕೆಂದರೆ ಕೋಚಿಂಗ್‌ಗೆ ಹಣ ಹೊಂದಿಸಲಾಗದ ಮನೆಗಳ ಮಕ್ಕಳು ವರ್ಷವಿಡೀ ತರಗತಿಯಲ್ಲಿ ಪಟ್ಟ ಶ್ರಮಕ್ಕೂ ಅಲ್ಲಿ ಬೆಲೆಯಿದೆ. ನಾಳೆಯಿಂದ ಅವಳು ಪ್ರಥಮ ಪಿಯುಸಿಯ ಅಧ್ಯಾಯಗಳನ್ನು ಮತ್ತೆ ಓದಲಿದ್ದಾಳೆ. ಅವುಗಳಿಂದಲೂ ಪ್ರಶ್ನೆಗಳು ಬರುತ್ತವೆ.